ಮಗಳಿಗೆ ತೋಟ ತೋರಿಸುವುದು ಹೇಗೆ?

ಪ್ರಶ್ನೆ: ರಜೆಯಲ್ಲಿ ಶಿರಸಿ ಸಮೀಪದ ನಮ್ಮ ಹಿರಿಯರ ಅಡಿಕೆ ತೋಟಕ್ಕೆ ಹೋಗುತ್ತಿದ್ದೇವೆ. ಐದು ವರ್ಷದ ಮಗಳನ್ನು ನಡೆಸಿಕೊಂಡು ತೋಟ, ಬೆಟ್ಟ ಎರಡನ್ನೂ ತೋರಿಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಗತ್ಯವಾಗಿ ತೋರಿಸಿ, ಆದರೆ ಎರಡನ್ನೂ ಒಂದೇ ದಿನ ಬೇಡ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಬಿಟ್ಟುಕೊಡುವ ಪದ್ಧತಿ ಬೆಳೆದುಬಂದಿರುವುದರಿಂದ, ಬೆಟ್ಟದ ಸುತ್ತು ಪುಟ್ಟ ಕಾಲುಗಳಿಗೆ ಬಹಳ ದೂರವಾಗುತ್ತದೆ. ಮೊದಲು ತೋಟದಲ್ಲಿ ಒಂದು ಗುಂಟೆಯನ್ನು, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗವನ್ನು ಅಳೆದು, ನಾಲ್ಕು ಮೂಲೆಗಳಲ್ಲಿ ಉದುರಿದ ಅಡಿಕೆ ಹಾಳೆಗಳನ್ನಿಟ್ಟು, ಅಂಚಿನುದ್ದಕ್ಕೂ ಹೆಜ್ಜೆ ಎಣಿಸುತ್ತ ಅವಳನ್ನು ನಡೆಸಿ; ಪಹಣಿಯಲ್ಲಿರುವ ಎಕರೆ–ಗುಂಟೆಯ ಲೆಕ್ಕ ಅವಳ ಕಾಲಿಗೇ ತಿಳಿಯುತ್ತದೆ. ಗಡಿಕಲ್ಲುಗಳನ್ನು ಮಾತ್ರ ಅಜ್ಜ–ಅಜ್ಜಿಯರೇ ತೋರಿಸಲಿ, ಏಕೆಂದರೆ ಪ್ರತಿ ಕಲ್ಲಿನ ಹಿಂದಿನ ಕಥೆ ಅವರಿಗೇ ಗೊತ್ತು.

ಗಾಳಿ ಬೀಸುವಾಗ ಸೋಗೆ ಬೀಳುವುದರಿಂದ ತೋಟದಲ್ಲಿ ನಿಲ್ಲಬೇಡಿ. ದರಕಿನ (ಉದುರಿದ ಒಣ ಎಲೆಗಳ) ರಾಶಿಯಲ್ಲಿ ಹಾವಿರಬಹುದಾದ ಕಾರಣ ದೊಡ್ಡವರೊಬ್ಬರು ಕೋಲು ಹಿಡಿದು ಮುಂದೆ ನಡೆಯಬೇಕು. ಕಟ್ಟೆಯಿಲ್ಲದ ಹಳೆಯ ಬಾವಿಗಳು ಎಲ್ಲಿವೆಯೆಂದು ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲವಾದರೆ ಉಂಬಳಗಳು (ಜಿಗಣೆಗಳು) ಹತ್ತುತ್ತವೆ, ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.