ಮಂಡಿಯ ಕೆಳಗಿನ ಆ ದಿಂಬನ್ನು ಮೊದಲು ತೆಗೆಯಿರಿ

ಮಂಡಿ ಕೀಲು ಬದಲಿ ಶಸ್ತ್ರಚಿಕಿತ್ಸೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಆಯ್ದು ಮೂಳೆ ಮತ್ತು ಕೀಲು ಶಸ್ತ್ರವೈದ್ಯರ ಮುಂದಿಟ್ಟಿದ್ದೇವೆ.

ಪ್ರಶ್ನೆ: ನನಗೆ 63 ವರ್ಷ. ಬಲ ಮಂಡಿಯ ಎಕ್ಸ್‌ರೇ ನೋಡಿದ ವೈದ್ಯರು, ಸವೆತ ಕೊನೆಯದಾದ ನಾಲ್ಕನೇ ಹಂತಕ್ಕೆ ಬಂದಿದೆ, ಮಂಡಿಚಿಪ್ಪು ಬದಲಾಯಿಸಬೇಕು ಎಂದಿದ್ದಾರೆ. ಕೃತಕ ಚಿಪ್ಪು ಹತ್ತೇ ವರ್ಷಕ್ಕೆ ಹಾಳಾಗುತ್ತದೆ, ಆದಷ್ಟು ಮುಂದೂಡು ಎಂದು ಗೊತ್ತಿದ್ದವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಹೆಸರಿನ ಮೇಲೆಯೇ ನನ್ನ ತಕರಾರು. ಎಲ್ಲರೂ ಮಂಡಿಚಿಪ್ಪು ಬದಲಾವಣೆ ಎನ್ನುತ್ತಾರೆ; ನಾವು ವೈದ್ಯರೂ ಬಾಯಿ ತಪ್ಪಿ ಹಾಗೆಯೇ ಅನ್ನುತ್ತೇವೆ. ಆದರೆ ನಿಮ್ಮ ಚಿಪ್ಪು ಇದ್ದಲ್ಲೇ ಇರುತ್ತದೆ. ಹೆಚ್ಚೆಂದರೆ ಅದರ ಒಳಮೈಗೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕೂರಿಸುತ್ತೇವೆ, ಅದೂ ಎಲ್ಲರಿಗೂ ಅಲ್ಲ. ಬದಲಾಗುವುದು ತೊಡೆ ಮೂಳೆಯ ಕೆಳತುದಿ ಮತ್ತು ಅದರ ಕೆಳಗೆ ಕೂಡುವ ಕಾಲಿನ ಮೂಳೆಯ ಮೇಲ್ತುದಿ. ಸವೆದ ಮೈಯನ್ನು ಸುಮಾರು 8–10 ಮಿಲಿಮೀಟರ್‌ನಷ್ಟು ಕೊಯ್ದು ತೆಗೆದು, ಮೇಲಿನದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್–ಕ್ರೋಮಿಯಂ ಲೋಹದ ಟೊಪ್ಪಿಗೆ, ಕೆಳಗಿನದಕ್ಕೆ ಟೈಟಾನಿಯಂ ತಟ್ಟೆ, ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ ಕೂರಿಸುತ್ತೇವೆ. ಹಲ್ಲನ್ನು ಉಜ್ಜಿ ಕ್ಯಾಪ್ ಹಾಕುವುದಿಲ್ಲವೇ, ಅದರ ದೊಡ್ಡಣ್ಣ ಎಂದುಕೊಳ್ಳಿ.

ಹತ್ತು ವರ್ಷದ ಮಾತು ಹಳೆಯದು. ಬದಲಿಸಿದ ಕೀಲುಗಳ ನೋಂದಣಿ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಂತೆ, ಪೂರ್ತಿ ಮಂಡಿ ಬದಲಿಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳುತ್ತವೆ. ನಿಮ್ಮ ವಯಸ್ಸಿಗೆ ಬಾಳಿಕೆಯ ಚಿಂತೆಯಿಂದ ಮುಂದೂಡುವ ಅಗತ್ಯವಿಲ್ಲ.

ಹಾಗೆಂದು ನಾಳೆಯೇ ಹೋಗಿ ಮಲಗಿಬಿಡಿ ಎಂದೂ ಹೇಳುತ್ತಿಲ್ಲ. ನಾಲ್ಕನೇ ಹಂತದ ಎಕ್ಸ್‌ರೇ ಕೈಯಲ್ಲಿ ಹಿಡಿದು ಮೂರು ಕಿಲೋಮೀಟರ್ ನಡೆದುಕೊಂಡೇ ನನ್ನ ಬಳಿ ಬಂದವರಿದ್ದಾರೆ. ಅವರನ್ನು ಹಾಗೆಯೇ ನಡೆಸಿಕೊಂಡು ವಾಪಸ್ ಕಳಿಸಿದ್ದೇನೆ. ನಾನು ಕೇಳುವುದು ಬೇರೆ. ನೋವು ರಾತ್ರಿ ಎಬ್ಬಿಸುತ್ತದೆಯೇ? ಎಷ್ಟು ದೂರ ನಡೆದರೆ ಕೂರಬೇಕೆನಿಸುತ್ತದೆ? ತೂಕ ಇಳಿಸುವುದು, ವ್ಯಾಯಾಮ, ಮಾತ್ರೆ ಇವನ್ನು ಕೆಲವು ತಿಂಗಳಾದರೂ ಮನಸ್ಸಿಟ್ಟು ಮಾಡಿ ನೋಡಿದ್ದೀರಾ? ಇವಕ್ಕೆ ಉತ್ತರ ಸಿಕ್ಕ ಮೇಲೆ ಎಕ್ಸ್‌ರೇ ನೋಡಬೇಕು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಐವರಿಗೊಬ್ಬರು ಪೂರ್ತಿ ತೃಪ್ತರಲ್ಲ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಲ್ಲ ಸಂಗತಿ. ಸವೆತ ಇನ್ನೂ ಅಷ್ಟಕ್ಕಷ್ಟೇ ಇದ್ದಾಗ ಅವಸರಪಟ್ಟವರಲ್ಲಿ ಈ ಅತೃಪ್ತಿ ಹೆಚ್ಚು.

ಆದರೆ ಕಾಲು ದಿನೇದಿನೇ ಬಿಲ್ಲಿನಂತೆ ಬಾಗುತ್ತಿದ್ದರೆ, ಮಂಡಿ ಪೂರ್ತಿ ನೆಟ್ಟಗಾಗದಿದ್ದರೆ, ತೊಡೆ ಸೊರಗುತ್ತಿದ್ದರೆ ತಡ ಮಾಡಬೇಡಿ. ಅಂಥ ಮಂಡಿಗೆ ಶಸ್ತ್ರಚಿಕಿತ್ಸೆಯೂ ಕಷ್ಟ, ಆಮೇಲಿನ ಚೇತರಿಕೆಯೂ ನಿಧಾನ.

ಪ್ರಶ್ನೆ: ವಯಸ್ಸು 68, ಮಧುಮೇಹವಿದೆ. ಶಸ್ತ್ರಚಿಕಿತ್ಸೆಗೆ ಇನ್ನೂ ಆರು ವಾರವಿದೆ. ಅಲ್ಲಿಯವರೆಗೆ ಕಾಲಿಗೆ ಪೂರ್ತಿ ವಿಶ್ರಾಂತಿ ಕೊಡಲೇ? ನೋವಿಗೆ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳಬಹುದೇ?

ಉತ್ತರ: ಎರಡಕ್ಕೂ ಬೇಡ ಎಂದೇ ಉತ್ತರ. ಮಂಡಿಯೊಳಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚುತ್ತದೆ. ಈಗಾಗಲೇ ಎಲ್ಲಾದರೂ ಹಾಕಿಸಿಕೊಂಡಿದ್ದರೆ ನಿಮ್ಮ ಶಸ್ತ್ರವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ದಿನಾಂಕ ಮುಂದೆ ಹೋದರೆ ಹೋಗಲಿ.

ಇನ್ನು ವಿಶ್ರಾಂತಿ. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂಭಾಗದ ಸ್ನಾಯು. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಅದರ ಬಲ ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಈಗಲೇ ಸೊರಗಿರುವ ತೊಡೆ ಅರ್ಧವಾದರೆ ಉಳಿಯುವುದೇನು? ಆಮೇಲೆ ವ್ಯಾಯಾಮ ಮಾಡಿದರಾಯಿತು ಎನ್ನುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಲೆಕ್ಕ.

ಇಂದೇ ಶುರು ಮಾಡಿ. ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ. ಸರಿಯಾಗಿ ಒತ್ತಿದರೆ ಚಿಪ್ಪು ಮೇಲಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ, ಕೈಯಿಟ್ಟು ನೋಡಿದರೆ ತೊಡೆ ಕಲ್ಲಿನಂತಿರುತ್ತದೆ. ಐದರವರೆಗೆ ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅದು ರೂಢಿಯಾದ ಮೇಲೆ ಮಂಡಿ ಮಡಿಸದೆ ಕಾಲನ್ನು ಒಂದು ಗೇಣು ಮೇಲೆತ್ತಿ ಹಿಡಿಯಿರಿ. ಕೊನೆಗೆ, ಕುರ್ಚಿಯಿಂದ ಕೈಯೂರದೆ ಏಳಲು ಬರುತ್ತದೆಯೇ ನೋಡಿ. ಈ ಪರೀಕ್ಷೆಯಲ್ಲಿ ಪಾಸಾಗಿ ಬಂದವರು ವಾರ್ಡಿನಲ್ಲಿ ಎರಡನೇ ದಿನಕ್ಕೇ ಬೇರೆಯಾಗಿ ಕಾಣುತ್ತಾರೆ.

ಮಧುಮೇಹವಿದೆ ಎಂದಿದ್ದೀರಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.5–8ರ ಒಳಗಿದ್ದರೆ ನೆಮ್ಮದಿ. ಮೇಲಿದ್ದರೆ ಬಹಳಷ್ಟು ಶಸ್ತ್ರವೈದ್ಯರು ಕಾಯಿಸುತ್ತಾರೆ, ಕಾಯಿಸುವುದೇ ಸರಿ. ಧೂಮಪಾನವಿದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಿ, ಇಲ್ಲವಾದರೆ ಗಾಯ ಸರಿಯಾಗಿ ಮಾಯದಿರಬಹುದು. ಹಲ್ಲು, ವಸಡುಗಳನ್ನು ತೋರಿಸಿಕೊಳ್ಳಿ. ಹಲ್ಲಿಗೂ ಮಂಡಿಗೂ ಏನು ಸಂಬಂಧ ಎಂದು ಕೇಳಬೇಡಿ, ಬಾಯಿಯ ಸೂಕ್ಷ್ಮಾಣುಗಳಿಗೆ ರಕ್ತವೇ ಹೆದ್ದಾರಿ. ಕಾಲ್ಬೆರಳುಗಳ ಸಂದಿನ ಹುಣ್ಣು, ಉರಿಮೂತ್ರ ಇವನ್ನೂ ಮೊದಲೇ ಗುಣಪಡಿಸಿಕೊಳ್ಳಬೇಕು. ಇನ್ನೊಂದು ವಿಷಯ: ಅಚ್ಚುಕಟ್ಟಾಗಿ ಹೋಗೋಣವೆಂದು ಹಿಂದಿನ ರಾತ್ರಿ ಮಂಡಿಯ ಕೂದಲನ್ನು ನೀವೇ ಬ್ಲೇಡಿನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ಬಾಗಿಲು. ತೆಗೆಯಬೇಕಾದರೆ ಆಸ್ಪತ್ರೆಯಲ್ಲೇ ಯಂತ್ರದಿಂದ ಕತ್ತರಿಸುತ್ತಾರೆ.

ನುಂಗುವ ಎಲ್ಲ ಔಷಧಗಳ ಪಟ್ಟಿಯನ್ನು ಅರಿವಳಿಕೆ ತಜ್ಞರಿಗೆ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ. ಸಕ್ಕರೆಯ ಮಾತ್ರೆಗಳಲ್ಲೂ ಕೆಲವನ್ನು ಮೂರ್ನಾಲ್ಕು ದಿನ ಮೊದಲೇ ಬಿಡಬೇಕಾಗುತ್ತದೆ. ಮನೆಯಲ್ಲಿ ಕೈಯಿರುವ ಎತ್ತರದ ಕುರ್ಚಿಯೊಂದಿರಲಿ, ನೆಲಕ್ಕೆ ಹಾಸಿದ ಸಣ್ಣಪುಟ್ಟ ಚಾಪೆ, ಕಾಲೊರಸುಗಳನ್ನು ಎತ್ತಿಡಿ. ವಾಕರ್ ಹಿಡಿದು ನಡೆಯುವುದನ್ನು ಶಸ್ತ್ರಚಿಕಿತ್ಸೆಯ ನೋವಿಲ್ಲದ ಈಗಲೇ ಕಲಿತುಕೊಳ್ಳಿ.

ಪ್ರಶ್ನೆ: ನಮ್ಮ ತಾಯಿಗೆ 70 ವರ್ಷ. ಶಸ್ತ್ರಚಿಕಿತ್ಸೆಯಾಗಿ ಮೂರು ವಾರವಾಯಿತು. ಮಂಡಿ 85 ಡಿಗ್ರಿ ಮಾತ್ರ ಮಡಚುತ್ತದೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರಿಗೆ ಆಗಲೇ 110 ಬಂದಿದೆಯಂತೆ. ರಾತ್ರಿ ನಿದ್ದೆಯಿಲ್ಲ. ಮಂಡಿಯ ಕೆಳಗೆ ದಿಂಬಿಟ್ಟರೆ ಮಾತ್ರ ಹಾಯೆನಿಸುತ್ತದೆ ಎನ್ನುತ್ತಾರೆ. ಫಿಸಿಯೊಥೆರಪಿಯವರು ಬಂದರೆ ಕಣ್ಣಲ್ಲಿ ನೀರು. ತಪ್ಪು ಮಾಡಿಬಿಟ್ಟೆವೇ?

ಉತ್ತರ: ಇಲ್ಲ. ಮೂರನೇ ವಾರದಲ್ಲಿ ಈ ಪ್ರಶ್ನೆ ಕೇಳದ ಮನೆಯನ್ನು ನಾನು ಕಂಡಿಲ್ಲ. ಆಸ್ಪತ್ರೆಯ ಉಪಚಾರ ಮುಗಿದಿರುತ್ತದೆ, ನೋಡಲು ಬರುವವರು ನಿಂತಿರುತ್ತಾರೆ, ನೋವು ಮಾತ್ರ ಉಳಿದಿರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ತಂದದ್ದು 85 ಡಿಗ್ರಿಯಲ್ಲ, ಆ ದಿಂಬು.

ಬೆಳಗಿನ ಸುತ್ತಿನಲ್ಲಿ ನಾನು ಮೊದಲು ಹೊದಿಕೆ ಸರಿಸಿ ಮಂಡಿಯ ಕೆಳಗೆ ಕೈ ಹಾಕುತ್ತೇನೆ. ಹತ್ತರಲ್ಲಿ ಆರು ಕಡೆ ದಿಂಬೋ, ಸುತ್ತಿದ ಟವೆಲ್ಲೋ ಸಿಗುತ್ತದೆ. ಒಬ್ಬ ಹಿರಿಯರಿದ್ದರು, ನಾನು ತೆಗೆದು ಪಕ್ಕಕ್ಕಿಟ್ಟು ಸಾಲಿನ ಕೊನೆಯ ಹಾಸಿಗೆ ಮುಟ್ಟುವಷ್ಟರಲ್ಲಿ ದಿಂಬು ಮತ್ತೆ ಸ್ವಸ್ಥಾನ ಸೇರಿರುತ್ತಿತ್ತು. ಅವರನ್ನು ಬೈದು ಫಲವಿಲ್ಲ, ಹಾಯೆನಿಸುವುದು ನಿಜ. ಊದಿದ ಮಂಡಿಯೊಳಗಿನ ಒತ್ತಡ ಅತಿ ಕಡಿಮೆಯಿರುವುದು ಅದು ಸುಮಾರು 30 ಡಿಗ್ರಿ ಮಡಚಿದಾಗ. ದಿಂಬು ಮಂಡಿಯನ್ನು ಸರಿಯಾಗಿ ಅಲ್ಲಿಗೇ ತಂದು ನಿಲ್ಲಿಸುತ್ತದೆ. ಆದರೆ ಹಗಲೂ ರಾತ್ರಿ ಹಾಗೆಯೇ ಬಿಟ್ಟರೆ ಕೀಲಿನ ಹಿಂದಿನ ಪೊರೆ, ಸ್ನಾಯುಗಳು ಅಷ್ಟಕ್ಕೇ ಕುಗ್ಗಿ ಗಟ್ಟಿಯಾಗುತ್ತವೆ. ಆಮೇಲೆ ಮಂಡಿ ನೆಟ್ಟಗಾಗಲು ಒಪ್ಪುವುದಿಲ್ಲ.

ಎಷ್ಟು ಮಡಚುತ್ತದೆ ಎಂದು ಎಲ್ಲರೂ ಕೇಳುತ್ತಾರೆ; ಎಷ್ಟು ನೆಟ್ಟಗಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಪ್ರಶ್ನೆ. ನೆಟ್ಟಗಿರುವ ಕಾಲಿನ ಮೇಲೆ ನಿಂತರೆ ಮೂಳೆಯೇ ಭಾರ ಹೊರುತ್ತದೆ, ತೊಡೆ ವಿಶ್ರಮಿಸುತ್ತದೆ. ಹತ್ತು ಹದಿನೈದು ಡಿಗ್ರಿ ಬಾಗಿಯೇ ಉಳಿದರೆ, ನಿಂತಷ್ಟು ಹೊತ್ತೂ ತೊಡೆ ದುಡಿಯುತ್ತಿರಬೇಕು, ಕಾಲು ಗಿಡ್ಡವಾದಂತೆ ಕುಂಟು ಬೇರೆ.

ಹಾಗಾಗಿ ದಿಂಬನ್ನು ಹಿಮ್ಮಡಿಯ ಕೆಳಗೆ ಸರಿಸಿ. ಮಂಡಿಗೆ ಯಾವ ಆಸರೆಯೂ ಬೇಡ, ತನ್ನ ಭಾರಕ್ಕೆ ತಾನೇ ಇಳಿಯಲಿ. ಮೊದಲು ಐದು ನಿಮಿಷ, ಆಮೇಲೆ ಹತ್ತು, ದಿನಕ್ಕೆ ನಾಲ್ಕಾರು ಬಾರಿ. ಬಳಿಕ ಮಂಡಿಯನ್ನು ಹಾಸಿಗೆಗೆ ಒತ್ತಲು ಹೇಳಿ ನಿಮ್ಮ ಅಂಗೈಯನ್ನು ಕೆಳಗೆ ತೂರಿಸಿ ನೋಡಿ. ಕೈ ಸರಾಗವಾಗಿ ಆಚೆ ದಾಟಿದರೆ ಕೆಲಸ ಬಾಕಿಯಿದೆ. ಬೆರಳು ಸಿಕ್ಕಿಕೊಂಡರೆ ಒಳ್ಳೆಯ ಸುದ್ದಿ.

ಮಡಚುವುದರ ವಿಚಾರಕ್ಕೆ ಬಂದರೆ, ಸಮನೆಲದಲ್ಲಿ ನಡೆಯಲು ಬೇಕಾದದ್ದು ಸುಮಾರು 65–70 ಡಿಗ್ರಿ. ಮೆಟ್ಟಿಲಿಗೆ 90ರ ಆಸುಪಾಸು, ಕುರ್ಚಿಯಿಂದ ಏಳಲು ಅದಕ್ಕಿಂತ ತುಸು ಹೆಚ್ಚು. ಮೂರು ವಾರಕ್ಕೆ 85 ಬಂದಿದ್ದರೆ ತಾಯಿಯವರು ದಾರಿಯಲ್ಲೇ ಇದ್ದಾರೆ. ಬಹುತೇಕರಿಗೆ ಕೊನೆಗೆ 110–120 ಸಿಗುತ್ತದೆ. ಮೊದಲೇ ಬಿಗಿದುಕೊಂಡಿದ್ದ ಮಂಡಿಗೆ ಅದಕ್ಕಿಂತ ಕಡಿಮೆ. ಪಕ್ಕದ ಹಾಸಿಗೆಯವರ ಮಂಡಿ ಅವರದು, ಅದರ ಸುದ್ದಿಯನ್ನು ಫೋನಿನಲ್ಲಿ ಕೇಳುವುದನ್ನು ಸದ್ಯ ಬಿಡಿ. ಆರು ವಾರಕ್ಕೂ 90 ದಾಟದಿದ್ದರೆ ಮಾತ್ರ ಶಸ್ತ್ರವೈದ್ಯರನ್ನು ಕಾಣಿ. ಅರಿವಳಿಕೆ ಕೊಟ್ಟು ಮಂಡಿಯನ್ನು ನಿಧಾನವಾಗಿ ಮಡಚಿ ಬಿಗಿತ ಬಿಡಿಸುವ ಉಪಾಯವಿದೆ, ಅದು ಸುಮಾರು 12 ವಾರದೊಳಗೆ ಮಾಡಿದರೆ ಚೆನ್ನಾಗಿ ಫಲಿಸುತ್ತದೆ.

ಅಳುವಿಗೆ ಬಹಳ ಸಲ ಕಾರಣ ಮಾತ್ರೆಯ ಹೊತ್ತು ತಪ್ಪಿರುವುದು. ನೋವು ಬಂದ ಮೇಲೆ ನುಂಗುವುದಲ್ಲ. ವ್ಯಾಯಾಮಕ್ಕೆ ಅರ್ಧ–ಮುಕ್ಕಾಲು ಗಂಟೆ ಮೊದಲು, ವೈದ್ಯರು ಬರೆದ ಪ್ರಮಾಣದಲ್ಲಿ ಕೊಡಿ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15–20 ನಿಮಿಷ. ಇಂದಿನ ವ್ಯಾಯಾಮದ ನೋವು, ಊತ ನಾಳೆ ಬೆಳಿಗ್ಗೆಯೂ ಹಾಗೆಯೇ ಇದ್ದರೆ ಅತಿಯಾಯಿತು ಎಂದರ್ಥ. ಫಿಸಿಯೊಥೆರಪಿಯವರಿಗೂ ಅದನ್ನು ಹೇಳುವ ಹಕ್ಕು ನಿಮಗಿದೆ. ಒಂದೇ ಸಲ ಒಂದು ಗಂಟೆ ಒದ್ದಾಡುವುದಕ್ಕಿಂತ ಹತ್ತು ಹತ್ತು ನಿಮಿಷ ಐದಾರು ಸಲ ಮಾಡುವುದು ಮೇಲು. ನಿದ್ದೆ ಸರಿಹೋಗಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಹಗಲು ಮಲಗುವುದನ್ನು ಮಿತಗೊಳಿಸಿ.

ಪ್ರಶ್ನೆ: ಮೂರು ತಿಂಗಳಾಯಿತು. ಮಂಡಿ ಮುಟ್ಟಿದರೆ ಇನ್ನೂ ಬಿಸಿ, ಸಂಜೆಗೆ ಊತ, ಗಾಯದ ಹೊರಬದಿಗೆ ಜೋಮು, ನಡೆದರೆ ಟಕ್ ಟಕ್ ಸದ್ದು. ಒಳಗೆ ಏನೋ ಕೆಟ್ಟಿದೆಯೇ?

ಉತ್ತರ: ನಾಲ್ಕೂ ಸಹಜ. ಬಿಸಿ ಮತ್ತು ಊತ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಇರುತ್ತವೆ. ಗಾಯದ ಗೀಟು ದಾಟುವ ಚರ್ಮದ ಸಣ್ಣ ನರ ತುಂಡಾಗುವುದರಿಂದ ಜೋಮು; ಅದು ಕುಗ್ಗುತ್ತದೆ, ಆದರೆ ಪೂರ್ತಿ ಹೋಗದಿರಬಹುದು. ಸದ್ದು ಲೋಹ ಪ್ಲಾಸ್ಟಿಕ್ಕಿಗೆ ತಾಗುವುದು.

ಸಹಜವಲ್ಲದ್ದು ಯಾವುದು ಎಂದರೆ: ಗಾಯದಿಂದ ನೀರು ಅಥವಾ ಕೀವು, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಚಳಿಜ್ವರ. ಸೋಂಕು ನೂರಕ್ಕೆ ಒಬ್ಬಿಬ್ಬರಿಗೆ ಬರುವಂಥದ್ದು, ಆದರೆ ಬಂದರೆ ದಿನಗಳ ಲೆಕ್ಕ. ಆಗ ನೀವಾಗಿ ಆ್ಯಂಟಿಬಯೋಟಿಕ್ ನುಂಗಬೇಡಿ. ಕೀಲಿನ ನೀರು ತೆಗೆದು ಪರೀಕ್ಷಿಸುವ ಮೊದಲೇ ಮಾತ್ರೆ ಹೋದರೆ ಯಾವ ಸೂಕ್ಷ್ಮಾಣು ಎಂಬುದೇ ಪತ್ತೆಯಾಗುವುದಿಲ್ಲ. ಮೀನಖಂಡ ಊದಿ ನೋವಾದರೆ ಅಂದೇ ವೈದ್ಯರನ್ನು ಕಾಣಿ, ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ.

ಪ್ರಶ್ನೆ: ಮೆಟ್ಟಿಲು, ಕಾರು, ಮಂಡಿಯೂರುವುದು ಇವೆಲ್ಲ ಯಾವಾಗ?

ಉತ್ತರ: ಮೆಟ್ಟಿಲನ್ನು ಆಸ್ಪತ್ರೆ ಬಿಡುವ ಮುನ್ನವೇ ಹತ್ತಿಸುತ್ತಾರೆ. ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ಊರುಗೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಸಿನಿಮಾಗಳಲ್ಲಿ ಬಹುಪಾಲು ತಪ್ಪು ಕೈಯಲ್ಲೇ ಇರುತ್ತದೆ. ಕಾರಿಗೆ ಸಾಮಾನ್ಯವಾಗಿ ಆರು ವಾರ. ಎದುರಿಗೆ ಮಗು ಓಡಿಬಂದರೆ ನೋವಿಗೆ ಅಂಜದೆ ಬ್ರೇಕ್ ಒತ್ತಬಲ್ಲಿರಾ ಎಂದು ನಿಂತ ಕಾರಿನಲ್ಲಿ ಕುಳಿತು ಪರೀಕ್ಷಿಸಿಕೊಳ್ಳಿ. ಮಂಪರು ತರುವ ನೋವಿನ ಮಾತ್ರೆ ನಡೆಯುತ್ತಿರುವಷ್ಟು ದಿನ ಚಾಲನೆ ಬೇಡವೇ ಬೇಡ.

ಮಂಡಿಯೂರಿದರೆ ಒಳಗಿನ ಕೀಲಿಗೆ ಕೆಡುಕಿಲ್ಲ. ಆದರೆ ಜೋಮು ಹಿಡಿದ ಚರ್ಮದ ಮೇಲೆ ಭಾರ ಬಿಟ್ಟಾಗ ಬೇರೆಯವರ ಮಂಡಿಯ ಮೇಲೆ ಕೂತಂತೆ ಅನಿಸುತ್ತದೆ ಎಂದು ಒಬ್ಬರು ಹೇಳಿದ್ದರು. ಗಾಯ ಪೂರ್ತಿ ಮಾದ ಮೇಲೆ, ಮೂರು ತಿಂಗಳ ಆಚೆಗೆ, ಮೊದಲು ಮೆತ್ತನೆಯ ಹಾಸಿಗೆಯ ಮೇಲೆ ಮಂಡಿಯೂರಿ ನೋಡಿ. ಅಲ್ಲಿ ಸರಿಯೆನಿಸಿದರೆ ನೆಲಕ್ಕೆ ಒಂದು ದಿಂಬು ಹಾಕಿಕೊಂಡು ಇಳಿಯಬಹುದು. ದಿಂಬನ್ನು ಮಂಡಿಯ ಕೆಳಗೆ ಇಡಲು ನಾನು ಅನುಮತಿ ಕೊಡುವುದು ಅದೊಂದು ಸಂದರ್ಭದಲ್ಲಿ ಮಾತ್ರ.