ವಾಸ್ಕೋದಿಂದ ಸ್ವಾಲ್‌ಬಾರ್ಡ್‌ಗೆ: ಚಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಇದು ಆಪ್ತ ಸಲಹೆಗಾರ್ತಿಯಾದ ನನ್ನ ಹತ್ತಿರ ಬಂದ, ಗೋವಾದ ವಾಸ್ಕೋದಲ್ಲಿರುವ ಒಂದು ಕನ್ನಡ ಕುಟುಂಬದ ಪ್ರಕರಣ. ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ಶಿವು, ಗೀತಾ ಎಂದು ಕರೆಯೋಣ.

ಮೂಲ ಗದಗ ಕಡೆ. ಶಿವು ಅವರ ತಂದೆ ಬಂದರಿನ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಈಗ ಮನೆಯಲ್ಲಿ ಅವ್ವ, ಗಂಡ ಹೆಂಡತಿ, ಒಬ್ಬಳು ಚಿಕ್ಕ ಮಗಳು. ಶಿವು ಹೋಟೆಲಿನಲ್ಲಿ ಕುಕ್. ಗೆಳೆಯನೊಬ್ಬನ ಮೂಲಕ ಅವರಿಗೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಲಾಂಗ್‌ಯರ್‌ಬ್ಯೆನ್ ಎಂಬ ಊರಿನ ಹೋಟೆಲಿನಲ್ಲಿ ಕೆಲಸ ಸಿಕ್ಕಿತ್ತು. 78 ಡಿಗ್ರಿ ಉತ್ತರ, ಜನ ಸುಮಾರು 2,500. ಸೇರಬೇಕಾದದ್ದು ಅಕ್ಟೋಬರ್ ಕೊನೆಗೆ.

ಮೊದಲು ಬಂದದ್ದು ಗೀತಾ. "ಮೇಡಂ, ಅಲ್ಲಿ ತಿಂಗಳಾನುಗಟ್ಲೆ ಸೂರ್ಯಾನ ಹುಟ್ಟಂಗಿಲ್ಲಂತ್ರೀ. ಇವರು ಪಗಾರ ನೋಡಿ ಸುಮ್ನ ಹೂಂ ಅಂದ ಬಂದಾರ" ಅಂದರು. ಮುಂದಿನ ಸಲ ಶಿವು ಬಂದರು. ಅವರ ಮನಸ್ಸಲ್ಲಿ ಇದ್ದದ್ದು ಪೂರ್ತಿ ಚಳಿ. ಯಾವ ಜಾಕೆಟ್, ಯಾವ ಬೂಟು, ಮೈನಸ್ 15ರಲ್ಲಿ ಉಸಿರಾಡೋಕೆ ಆಗುತ್ತಾ, ಹಿಮಕರಡಿ ಬಂದರೆ ಏನು ಮಾಡೋದು.

ಚಳಿಗೆ ಉತ್ತರ ಸುಲಭ. ಮೈಗೆ ತಾಗುವ ಬಟ್ಟೆ ಉಣ್ಣೆಯದು ಇರಲಿ, ಹತ್ತಿ ಬೇಡ, ಬೆವರಿದರೆ ಅದು ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗುತ್ತದೆ. ಊರಿನ ಗಡಿ ದಾಟಿ ಒಬ್ಬರೇ ಹೋಗಬೇಡಿ. ಮನೆಯೊಳಗೆ ಹೀಟರ್ ಇರುತ್ತದೆ. ಇಷ್ಟು ಸಾಕು.

ಕಷ್ಟ ಇರುವುದು ಕತ್ತಲೆಯಲ್ಲಿ. ಅಲ್ಲಿ ಅಕ್ಟೋಬರ್ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ಅದರಲ್ಲೂ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ. ಸುತ್ತ ಬೆಟ್ಟ ಇರುವುದರಿಂದ ಊರೊಳಗೆ ಬಿಸಿಲು ಬೀಳಲು ಮಾರ್ಚ್ 8ರ ತನಕ ಕಾಯಬೇಕು, ಆ ವಾರ ಅಲ್ಲಿ ಹಬ್ಬವೇ ಮಾಡುತ್ತಾರೆ. ಶಿವು ಸರಿಯಾಗಿ ಕತ್ತಲೆ ಶುರುವಾಗುವ ವಾರ ಇಳಿಯುವವರಿದ್ದರು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ಮಿದುಳಿನ ಗಡಿಯಾರ ಸರಿಯಾಗುವುದು. ಅದು ಸಿಗದಿದ್ದರೆ ನಿದ್ದೆ ದಿನದಿನಕ್ಕೆ ಜಾರುತ್ತದೆ, ಆಮೇಲೆ ಮನಸ್ಸೂ ಜಾರಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ಯಾರಿಗೆ ಆಗಬಹುದು ಅನ್ನೋದನ್ನು ಹೋಗುವ ಮೊದಲೇ ಸ್ವಲ್ಪ ಅಂದಾಜು ಮಾಡಬಹುದು.

ಅದಕ್ಕೇ ನಾನು ಕೇಳಿದ್ದು: ಜುಲೈನಲ್ಲಿ ನೀವು ಹೇಗಿರುತ್ತೀರಿ?

ಶಿವು ಸುಮ್ಮನಾದರು. ಗೀತಾ ಹೇಳಿದರು, "ಮಳೆಗಾಲ ಬಂತಂದ್ರ ಇವರು ಬ್ಯಾರೇನ ಮನಷ್ಯಾ ಆಗ್ತಾರ್ರೀ." ವಾರಗಟ್ಟಲೆ ಮೋಡ ಕವಿದಾಗ ಮಧ್ಯಾಹ್ನದವರೆಗೆ ಮಲಗುವುದು, ಯಾರ ಹತ್ತಿರವೂ ಮಾತಿಲ್ಲ, ಸಂಜೆ ಕುಡಿತ ಜಾಸ್ತಿ. ಸೆಪ್ಟೆಂಬರ್ ಕಳೆದರೆ ಎಲ್ಲ ಸರಿ. ಮನೆಯವರು ಇದನ್ನು "ಆಫ್ ಸೀಸನ್" ಎಂದು ಬಿಟ್ಟಿದ್ದರು. ಅದೂ ಕಾರಣ ಇರಬಹುದು, ಮಳೆಗಾಲದಲ್ಲಿ ಗೋವಾ ಹೋಟೆಲಿನವರಿಗೆ ಕೆಲಸ ಕಡಿಮೆ, ಕೈಯಲ್ಲಿ ದುಡ್ಡೂ ಕಡಿಮೆ. ಬೆಳಕಿನದ್ದೋ ದುಡ್ಡಿನದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಪ್ರತಿ ವರ್ಷ ಹೀಗಾಗುವವರು ನಾಲ್ಕು ತಿಂಗಳ ರಾತ್ರಿಗೆ ಒಬ್ಬರೇ ಹೋಗುವ ಮುಂಚೆ ಮನೋವೈದ್ಯರನ್ನು ಕಾಣಲೇಬೇಕು. ಇದರಲ್ಲಿ ನಾನು ರಾಜಿ ಮಾಡಲಿಲ್ಲ. ಕಾಣಿಸಿದರು.

ಶಿವು ಪದೇ ಪದೇ ಒಂದು ಮಾತು ಹೇಳುತ್ತಿದ್ದರು: "ನಮ್ಮ ಸಡಾದಾಗಿನ ಪೋಲಾರ್ ಸೆಂಟರ್‌ನವರು ಹೋಗಿ ಬರ್ತಾರಲ್ರೀ?" ಹೌದು, ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅದೇ ಸ್ವಾಲ್‌ಬಾರ್ಡ್‌ನಲ್ಲಿದೆ, ಅದನ್ನು ನಡೆಸುವವರು ವಾಸ್ಕೋದ ಸಡಾದಲ್ಲಿರುವ ಆ ಪೋಲಾರ್ ಸೆಂಟರ್‌ನವರೇ. ಆದರೆ ಆ ವಿಜ್ಞಾನಿಗಳಿಗೆ ಜೊತೆಗೆ ತಂಡ ಇರುತ್ತದೆ, ವಾಪಸ್ ಬರುವ ತಾರೀಕು ಇರುತ್ತದೆ. ಶಿವು ಅವರಿಗೆ ಎರಡೂ ಇರಲಿಲ್ಲ. ಹಾಗಾಗಿ ಎರಡನ್ನೂ ಮಾಡಿಕೊಳ್ಳೋಣ ಎಂದೆ.

ಮೊದಲು ತಾರೀಕು. ಮಾರ್ಚ್‌ನಲ್ಲಿ ಸೇರಬಹುದೇ ಎಂದು ಹೋಟೆಲಿಗೆ ಬರೆಯಿರಿ ಎಂದೆ. ಆಗ ಬೆಳಕು ಬಂದಿರುತ್ತದೆ, ಪ್ರವಾಸಿಗಳೂ ಇರುತ್ತಾರೆ, ಕತ್ತಲೆ ಬರುವಷ್ಟರಲ್ಲಿ ನಾಲ್ಕು ಜನ ಪರಿಚಯ ಆಗಿರುತ್ತಾರೆ. ಏಪ್ರಿಲ್ 20ರ ಸುಮಾರಿಂದ ಆಗಸ್ಟ್ ಕೊನೆಯ ಭಾಗದವರೆಗೆ ಸೂರ್ಯ ಮುಳುಗುವುದೇ ಇಲ್ಲ, ಅದಕ್ಕೆ ದಪ್ಪ ಕಪ್ಪು ಪರದೆ ಬೇಕು. ನಿದ್ದೆ ಆಗಲೂ ಕೆಡುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಆಮೇಲೆ ಕಾಗದಪತ್ರ. ಇದು ಸಲಹೆಗಾರರ ಕೆಲಸವೇ ಅಂತ ಕೆಲವರು ಕೇಳಬಹುದು. ರಾತ್ರಿ ನಿದ್ದೆ ಕೆಡಿಸುವುದು ಇಂಥವೇ ಅಲ್ವಾ? ಸ್ವಾಲ್‌ಬಾರ್ಡ್‌ನಲ್ಲಿ ಇರಲು ವೀಸಾ ಬೇಡ, 1920ರ ಸ್ವಾಲ್‌ಬಾರ್ಡ್ ಒಪ್ಪಂದದ ನಂತರ ಬಂದ ಪದ್ಧತಿ ಅದು. ಆದರೆ ದಾರಿ ನಾರ್ವೆಯ ಮುಖ್ಯಭೂಮಿಯ ಮೇಲೆ, ಅದಕ್ಕೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಬೇಕು, ಹೋಗುವಾಗಲೂ ಬರುವಾಗಲೂ. ಅವ್ವನಿಗೆ ಏನಾದರೂ ಆದರೆ ಹೇಗೆ ಹೊರಡುತ್ತೀರಿ, ಆಗ ಕೈಯಲ್ಲಿ ವೀಸಾ ಇರುತ್ತದೆಯೇ, ಟಿಕೆಟ್ ದುಡ್ಡು ಯಾರ ಹತ್ತಿರ ಇರುತ್ತದೆ? ಕೆಲಸ ಹೋದರೆ ಕೋಣೆಯೂ ಹೋಗುತ್ತದೆಯೇ? ಅಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ, ಮತ್ತು ದುಡಿಮೆ ಇಲ್ಲದವರನ್ನು ಸರ್ಕಾರ ಸಾಕುವುದಿಲ್ಲ, ವಾಪಸ್ ಕಳಿಸಬಹುದು. ಇವೆಲ್ಲಕ್ಕೂ ಹೋಟೆಲಿನಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ ಎಂದೆ. ಗೀತಾ ಇನ್ನೊಂದು ಮಗುವಿನ ಯೋಚನೆಯಲ್ಲಿದ್ದರು. ಅಲ್ಲಿ ಹೆರಿಗೆಗೆ ವ್ಯವಸ್ಥೆ ಇಲ್ಲ, ಗರ್ಭಿಣಿಯರು ದಿನ ತುಂಬುವ ಮೊದಲೇ ನಾರ್ವೆಯ ಮುಖ್ಯಭೂಮಿಗೆ ಹೋಗಿರಬೇಕು. ಇದು ಅವರಿಗೆ ಗೊತ್ತಿರಲಿಲ್ಲ.

ಕತ್ತಲೆಯ ತಿಂಗಳಿಗೆ ಹೇಳಿದ್ದು: ರಜೆಯ ದಿನವೂ ಒಂದೇ ಹೊತ್ತಿಗೆ ಏಳಬೇಕು. ವೈದ್ಯರು ಒಪ್ಪಿದರೆ ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕಿನ ಅಳತೆ) ದೀಪದ ಮುಂದೆ ಕೂರಬೇಕು. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ (ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ) ಇದ್ದವರು ಕೇಳದೆ ಬಳಸಬಾರದು. ವಿಟಮಿನ್ ಡಿ ಪರೀಕ್ಷೆ ಇಲ್ಲೇ ಮಾಡಿಸಿ. ಕುಡಿತದ ವಿಷಯ ನೇರವಾಗಿ ಮಾತಾಡಿದೆವು. ಅಲ್ಲಿ ಅಂಗಡಿಯಲ್ಲಿ ಕೊಳ್ಳುವ ಬಿಯರ್, ಹಾರ್ಡ್ ಡ್ರಿಂಕ್ಸ್‌ಗೆ ತಿಂಗಳ ಮಿತಿ ಇದೆ, ಆದರೆ ಬಾರಿನಲ್ಲಿ ಇಲ್ಲ, ಮತ್ತು ಶಿವು ಕೆಲಸ ಮಾಡುವುದೇ ಹೋಟೆಲಿನಲ್ಲಿ. ಒಬ್ಬರೇ ಇದ್ದಾಗ ಕುಡಿಯುವುದಿಲ್ಲ ಎಂದು ಅವರೇ ಒಂದು ಗೆರೆ ಹಾಕಿಕೊಂಡರು. ಗೀತಾಗೆ ಹೇಳಿದ್ದು ಇಷ್ಟೇ: ಫೋನಿನಲ್ಲಿ "ಊಟ ಆಯ್ತಾ" ಮಾತ್ರ ಕೇಳಬೇಡಿ, "ಎಷ್ಟಕ್ಕೆ ಎದ್ರಿ" ಅಂತಲೂ ಕೇಳಿ. ಎರಡು ವಾರ ಉತ್ತರ ಮಧ್ಯಾಹ್ನಕ್ಕೆ ಜಾರಿದರೆ ನನಗೆ ಫೋನ್ ಮಾಡಿ.

ಹೋಟೆಲಿನವರು ಮಾರ್ಚ್‌ಗೆ ಒಪ್ಪಿದರು. ಗೀತಾ, ಮಗಳು ಈ ವರ್ಷ ಹೋಗುವುದಿಲ್ಲ. ಶಿವು ಒಂದು ಕತ್ತಲೆಗಾಲ ಕಳೆದ ಮೇಲೆ ಇಬ್ಬರೂ ಕೂತು ಮಾತಾಡುತ್ತಾರೆ, ಬೇಡ ಅನ್ನಿಸಿದರೆ ಮಧ್ಯದಲ್ಲೇ ವಾಪಸ್ ಬರುವುದಕ್ಕೆ ಟಿಕೆಟ್ ದುಡ್ಡನ್ನು ಅವ್ವನ ಖಾತೆಯಲ್ಲಿ ಈಗಲೇ ಬೇರೆ ಇಟ್ಟಿದ್ದಾರೆ.