ಎಂಜಿಬಿ ಜಿಟಿ ಕೊಳ್ಳುವುದಾದರೆ ಕ್ರೋಮ್ ಬಂಪರಿನದೋ, ರಬ್ಬರ್ ಬಂಪರಿನದೋ? ಯಾವ ಕಾರ್ ಮ್ಯಾಗಜೀನ್ ನಂಬಬಹುದು?

ನೀವು ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷ, ಕೈಯಲ್ಲಿ ಎಂಟು ಸಾವಿರ ಪೌಂಡ್, ಮನಸ್ಸಿನಲ್ಲಿ ಎಂಜಿಬಿ ಜಿಟಿ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಟೇಬಲ್ ಮೇಲೆ ಹೊಳೆಯುವ ಮ್ಯಾಗಜೀನ್‌ಗಳ ರಾಶಿ. ನಿಮ್ಮ ಪ್ರಶ್ನೆ ಓದುತ್ತಿದ್ದರೆ 2019ರಲ್ಲಿ ನಾನೇ ಬರೆದದ್ದೇನೋ ಅನ್ನಿಸಿತು. ನಾನೂ ಮೂರು ತಿಂಗಳು ಇದೇ ಬಂಪರ್ ಹಿಡಿದುಕೊಂಡು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ 1973ರ ಕಡುಗೆಂಪು ಜಿಟಿ ತಗೊಂಡೆ, ಕ್ರೋಮ್ ಬಂಪರಿನದು. ಬಂಪರ್ ಇವತ್ತಿಗೂ ಚೆನ್ನಾಗಿದೆ. ಮಿಕ್ಕದ್ದರ ಕಥೆ ಕೇಳಿ.

ನನ್ನ ಊರು ಸಾಗರ, ಈಗ ಇರುವುದು ಡರ್ಬಿಯಲ್ಲಿ. ಅಪ್ಪ ಇಪ್ಪತ್ತೆರಡು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಅಣ್ಣತಮ್ಮಂದಿರು. ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಅನ್ನುವ ಒಂದೇ ಎಂಜಿನ್ ವಂಶದವು. ನಾನು ಗಾಡಿ ನೋಡಲು ಹೋದದ್ದು ನವೆಂಬರ್ ಸಂಜೆ. ನಾಲ್ಕೂವರೆಗೇ ಕತ್ತಲು, ಜಿಟಿಜಿಟಿ ಮಳೆ. ಮಾರುವವನು ಒಳ್ಳೆಯ ಮನುಷ್ಯ, ಮೊದಲು ಟೀ ಕೊಟ್ಟ. ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿದ. ಟ್ಯಾಪೆಟ್ ಟಿಕಟಿಕ ಶುರುವಾಯಿತು ನೋಡಿ, ನಾನು ಡರ್ಬಿಯಲ್ಲಿ ಇರಲೇ ಇಲ್ಲ. ಜೋಗಕ್ಕೆ ಬಾಡಿಗೆ ಹೊರಡುವ ಮುಂಚೆ ಅಪ್ಪ ಅಂಗಳದಲ್ಲಿ ಎಂಜಿನ್ ಬಿಸಿ ಮಾಡುತ್ತಿದ್ದ ಸದ್ದು ಅದು. ಹತ್ತು ನಿಮಿಷದಲ್ಲಿ 7,500 ಪೌಂಡಿಗೆ ಕೈ ಕುಲುಕಿದೆ.

ನಾನು ಮಾಡಿದ ತಪ್ಪು ಒಂದೇ. ಗಾಡಿ ಅಡಿಗೆ ಹೋಗಿ ಮಲಗಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಬೇರೆ ಏನನ್ನೂ ಓದದೆ ಇದೊಂದನ್ನೇ ಓದಿದರೂ ಸಾಕು. ಎಂಜಿಬಿಗೆ ಲಾರಿಗಿರುವ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಎರಡೂ ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ತಗಡಿನ ಪೆಟ್ಟಿಗೆಯಂಥ ಭಾಗವೊಂದಿದೆ. ಅದೇ ಸಿಲ್. ನೋಡಲು ಕಾಲಿಟ್ಟು ಹತ್ತುವ ಅಂಚಿನ ಹಾಗೆ ಕಾಣುತ್ತದೆ, ಆದರೆ ಗಾಡಿಯ ಬೆನ್ನುಮೂಳೆ ಅದೇ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಇನ್ನೊಂದು. ಮುಂದಿನ ಚಕ್ರ ಎರಚಿದ ಕೆಸರು ಮಡ್‌ಗಾರ್ಡ್ ಹಿಂದೆ ಹೋಗಿ ಕೂರುತ್ತದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟಬಾರದು ಅಂತ ರಸ್ತೆಗೆ ಕಲ್ಲುಪ್ಪು ಸುರಿಯುತ್ತಾರೆ, ನಿಮಗೆ ಗೊತ್ತಲ್ಲ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕಂತಲೇ ದೊಡ್ಡ ಗಣಿ ಇದೆ. ಆ ಉಪ್ಪುನೀರು ಸೇರಿದ ಕೆಸರು ಸಿಲ್ಲನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಮಿರಮಿರ ಅನ್ನುತ್ತಿರುತ್ತದೆ.

ಸರಿಯಾಗಿ ರಿಪೇರಿ ಮಾಡಬೇಕಾದರೆ ಮುಂದಿನ ಮಡ್‌ಗಾರ್ಡಿನ ಕೆಳಭಾಗವನ್ನೂ ಕತ್ತರಿಸಬೇಕು, ಸಿಲ್ ಅದರ ಒಳಗೂ ಹೋಗುತ್ತದೆ. ಅದು ದೊಡ್ಡ ಕೆಲಸ. ಅದಕ್ಕೇ ಎಷ್ಟೋ ಜನ ಕೊಳೆತದ್ದರ ಮೇಲೇ ಹೊಸ ತಗಡು ಹೊದಿಸಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಮಾರಿಬಿಡುತ್ತಾರೆ. ನನ್ನ ಗಾಡಿಗೆ ಯಾರೋ, ಯಾವತ್ತೋ, ಹೀಗೇ ಮಾಡಿದ್ದರು. ಟೀ ಕೊಟ್ಟವನಿಗೂ ಗೊತ್ತಿತ್ತೋ ಇಲ್ಲವೋ.

ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಒಂದು ಬಾಗಿಲು ತೆರೆದು ಮುಚ್ಚಿ ನೋಡುವುದು. ಆ ಕಡೆ ಜ್ಯಾಕ್ ಏರಿಸುವುದು. ಮತ್ತೆ ತೆರೆದು ಮುಚ್ಚುವುದು. ಎರಡು ಸಲವೂ ಒಂದೇ ಥರ ಮುಚ್ಚಿಕೊಂಡರೆ ಬೆನ್ನುಮೂಳೆ ಗಟ್ಟಿ. ಐದು ನಿಮಿಷದ ಕೆಲಸ. ಮಳೆ ಇತ್ತು, ಆಫೀಸಿನ ಪ್ಯಾಂಟಿನಲ್ಲಿದ್ದೆ, ಟೀ ಕೊಟ್ಟವನ ಮೇಲೆ ಅನುಮಾನ ಪಟ್ಟ ಹಾಗಾಗುತ್ತಲ್ಲ ಅನ್ನುವ ಸಂಕೋಚ ಬೇರೆ. ಮಾಡಲಿಲ್ಲ.

ಆ ಪರೀಕ್ಷೆ ಮುಂದಿನ ಮಾರ್ಚ್‌ನಲ್ಲಿ ತಾನಾಗೇ ಆಯಿತು. ಆಶ್ಬೋರ್ನ್‌ನಿಂದ ಬಕ್ಸ್‌ಟನ್‌ಗೆ ಹೋಗುವ ಎ515 ರಸ್ತೆಯಲ್ಲಿ ಪಂಕ್ಚರ್. ಬದಿಗೆ ನಿಲ್ಲಿಸಿ ಹೆಂಡತಿಗೆ "ಹತ್ತು ನಿಮಿಷ, ಸ್ಟೆಪ್ನಿ ಹಾಕಿಬಿಡ್ತೀನಿ" ಅಂದೆ. (ನಾವು ಊರಲ್ಲಿ ಹೇಳುವ ಈ ಸ್ಟೆಪ್ನಿ ಹುಟ್ಟಿದ್ದು ವೇಲ್ಸ್‌ನ ಲಾನೆಲ್ಲಿಯ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ಇಲ್ಲಿಯವರಿಗೆ ಮಾತ್ರ ಆ ಪದ ಅರ್ಥವಾಗುವುದಿಲ್ಲ.) ಜ್ಯಾಕ್ ತಿರುಗಿಸುತ್ತಾ ಹೋದೆ. ಗಾಡಿ ಏಳಲಿಲ್ಲ. ಹಪ್ಪಳ ಮುರಿದ ಹಾಗೆ ಸದ್ದಾಗಿ ಜ್ಯಾಕೇ ಒಳಗೆ ಹೋಯಿತು. ಕಂದು ಪುಡಿ ಚಹಾದ ಚರಟದ ಹಾಗೆ ನನ್ನ ಶೂ ಮೇಲೆ ಉದುರಿತು. ಜಾಗ ಬದಲಿಸಿ ಹೇಗೋ ಎತ್ತಿದೆ. ಅಷ್ಟರಲ್ಲಿ ಅವಳು ಜಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದಳು. ಮುಚ್ಚಲು ಹೋದರೆ ಮುಚ್ಚಲಿಲ್ಲ. ಬೀಗದ ಕೊಂಡಿ ಇರಬೇಕಾದ ಜಾಗಕ್ಕಿಂತ ಅರ್ಧ ಬೆರಳು ಕೆಳಗಿತ್ತು. ಗಾಡಿ ನಡುವಿನಲ್ಲಿ ಬಾಗಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಬೆಲೆ ಕೇಳಲಿಲ್ಲ, ಮಾಡೆಲ್ ಕೇಳಲಿಲ್ಲ. "ಕೆಳಗೆ ಮಲಗಿ ನೋಡಿದ್ಯಾ?" ಅಂದರು. ಹಳೇ ಗಾಡಿ ನೋಡಲು ಹೋಗುವಾಗ ಅವರು ಒಂದು ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದರು. ಅಂಬಾಸಿಡರ್‌ಗೂ ಬಾಡಿಯೇ ಚಾಸಿಸ್, ಮಲೆನಾಡಿನ ಮಳೆಗೆ ಅದರ ಗತಿ ಏನಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ಚೀಲ ಹಿಡಿದು ಜೊತೆಗೆ ಹೋಗುತ್ತಿದ್ದವನೇ ನಾನು.

ರಿಪೇರಿಗೆ 5,600 ಪೌಂಡ್, ಒಂಬತ್ತು ತಿಂಗಳು. ತಗಡಿಗೇನೂ ಬರವಿಲ್ಲ, ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೇ ಅಚ್ಚುಗಳಲ್ಲೇ ಮಾಡಿ ಮಾರುತ್ತಾರೆ. ದುಡ್ಡೆಲ್ಲ ಹೋಗುವುದು ಟಿಂಕರಿಂಗ್ ಮಾಡುವವರ ಗಂಟೆಗಳಿಗೆ. ಕತ್ತರಿಸುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡ ಕಂಬಿ ವೆಲ್ಡ್ ಮಾಡಿ ನಿಲ್ಲಿಸಬೇಕು, ಇಲ್ಲದಿದ್ದರೆ ಗಾಡಿ ಬಾಗಿದ ಆಕಾರದಲ್ಲೇ ಉಳಿದುಬಿಡುತ್ತದೆ. ನಾನು ದಿನಾ ಸಂಜೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಆಸ್ಪತ್ರೆಗೆ ಹೋಗಿ ಬಂದ ಹಾಗೆ.

ಈಗ ಮ್ಯಾಗಜೀನ್. ನಾನು ಕಣ್ಣುಮುಚ್ಚಿ ನಂಬಿದ್ದ ಒಂದು ಮಾಸಪತ್ರಿಕೆ ಇತ್ತು, ಹೆಸರು ಬೇಡ. ಎಂಜಿಬಿ ಕೊಳ್ಳುವವರಿಗೆ ಆರು ಪುಟದ ಲೇಖನ. ಅದರಲ್ಲಿ ನಾಲ್ಕು ಪುಟ ಸಂಜೆ ಬಿಸಿಲಿನಲ್ಲಿ ತೆಗೆದ ಫೋಟೋ. ಮೂಲೆಯ ಡಬ್ಬಿಯಲ್ಲಿ ಒಂದು ಸಾಲು, ಸಿಲ್‌ಗಳನ್ನು ನೋಡಿಕೊಳ್ಳಿ ಅಂತ. ಹೇಗೆ ನೋಡಬೇಕು? ಅದಿಲ್ಲ. ಅಡುಗೆ ಪುಸ್ತಕದಲ್ಲಿ "ಉಪ್ಪು ರುಚಿಗೆ ತಕ್ಕಷ್ಟು" ಅಂತ ಇರುತ್ತಲ್ಲ, ಹಾಗೆ. ಅಡುಗೆ ಬರುವವರಿಗೆ ಅಷ್ಟು ಸಾಕು. ನನ್ನಂಥವನಿಗೆ ಸಿಲ್ ಅನ್ನುವ ಪದ ಬಾಯಿಗೆ ಬಂತು, ಅಷ್ಟೇ. ಮಾರುವವನ ಹತ್ತಿರ "ಸಿಲ್ ಹೇಗಿದೆ?" ಅಂತ ದೊಡ್ಡದಾಗಿ ಕೇಳಿದ್ದೆ ಕೂಡ. "ಸೂಪರ್" ಅಂದ.

ಅದಕ್ಕಿಂತ ಕೆಟ್ಟದ್ದು ಆ ಫೋಟೋಗಳು. ಮುಂದಿನ ಮೂಲೆಯಿಂದ, ಸೊಂಟದ ಎತ್ತರದಿಂದ ತೆಗೆದವು. ಅಂಥ ನೂರಾರು ಚಿತ್ರ ನೋಡಿ ನೋಡಿ, ನಿಜವಾದ ಗಾಡಿ ಎದುರಿಗೆ ಬಂದಾಗಲೂ ನಾನು ಹೋಗಿ ನಿಂತದ್ದು ಫೋಟೋಗ್ರಾಫರ್ ನಿಲ್ಲುವ ಜಾಗದಲ್ಲೇ. ಅಡಿಯಿಂದ ತೆಗೆದ ಫೋಟೋವನ್ನು ಮುಖಪುಟಕ್ಕೆ ಯಾರು ಹಾಕುತ್ತಾರೆ ಹೇಳಿ.

ಹಾಗಂತ ಎಲ್ಲ ಮ್ಯಾಗಜೀನೂ ಕಸವಲ್ಲ. 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರಸ್ತೆ ರೇಸಿನಲ್ಲಿ ಗಾಡಿ ಓಡಿಸುತ್ತಿದ್ದ ಸ್ಟರ್ಲಿಂಗ್ ಮಾಸ್ ಪಕ್ಕದ ಸೀಟಿನಲ್ಲಿ ಕೂತು, ಕಾಗದದ ಸುರುಳಿ ತಿರುಗಿಸುತ್ತಾ ತಿರುವುಗಳನ್ನು ಕೈಸನ್ನೆಯಲ್ಲಿ ಹೇಳುತ್ತಾ ಹೋದವರು ಡೆನಿಸ್ ಜೆಂಕಿನ್ಸನ್. ಮೋಟರ್ ಸ್ಪೋರ್ಟ್ ಪತ್ರಿಕೆಯ ವರದಿಗಾರ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದು, ವಾಪಸ್ ಬಂದು ಅವರೇ ಬರೆದರು. ಗಾಡಿಯಲ್ಲಿ ಕೂತವನು ಬರೆದದ್ದಕ್ಕೂ ಕಂಪನಿ ಕೊಟ್ಟ ಊಟ ಉಂಡು ಬರೆದದ್ದಕ್ಕೂ ವ್ಯತ್ಯಾಸ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ನಿಮ್ಮ ಕೆಲಸಕ್ಕೆ ಬರುವಂಥದ್ದು ಅಂದರೆ 1980ರಲ್ಲಿ ಶುರುವಾದ ಪ್ರ್ಯಾಕ್ಟಿಕಲ್ ಕ್ಲಾಸಿಕ್ಸ್. ಬರೆಯುವವರ ಕೈಗೆ ಗ್ರೀಸ್ ಅಂಟಿರುತ್ತದೆ. ಹೊಸ ಸಂಚಿಕೆಗೆ ಚಂದಾ ಕಟ್ಟುವ ಮುಂಚೆ, ಹಳೇ ಬಿಡಿಭಾಗ ಮಾರುವ ಆಟೋಜಂಬಲ್ ಸಂತೆಗಳಲ್ಲಿ ಹಳೇ ಸಂಚಿಕೆಗಳನ್ನು ಹುಡುಕಿ. ನಾನು ಪೌಂಡಿಗೊಂದರಂತೆ ತಂದಿದ್ದೇನೆ. ಯಾವ ಮ್ಯಾಗಜೀನ್ ಆದರೂ ಸಿಬ್ಬಂದಿ ತಮ್ಮ ಸ್ವಂತ ಗಾಡಿಗಳ ಗೋಳು ಬರೆದುಕೊಳ್ಳುವ ಪುಟ ಮತ್ತು ಓದುಗರ ಪತ್ರಗಳನ್ನು ಮೊದಲು ಓದಿ. ಬೆಲೆಪಟ್ಟಿ ಇರುವ ಪುಟ ಹರಿದು ಹಾಕಿ. "ಇನ್ವೆಸ್ಟ್‌ಮೆಂಟ್ ಆಗುತ್ತಾ?" ಅಂತಲೂ ಕೇಳಿದ್ದೀರಲ್ಲ. ಆಗುವುದಿಲ್ಲ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾಗಿವೆ. ಅಪರೂಪದ ವಸ್ತು ಅಲ್ಲ ಅದು. ದುಡ್ಡು ಬೆಳೆಯಬೇಕಾದರೆ ಎಫ್‌ಡಿ ಇಡಿ.

ಬಂಪರ್? 1974ರ ಕೊನೆಗೆ ಅಮೆರಿಕದ ಕಾನೂನಿಗೋಸ್ಕರ ಕಪ್ಪು ರಬ್ಬರ್ ಬಂಪರ್ ಹಾಕಿದರು, ಗಾಡಿಯನ್ನೂ ಎತ್ತರಿಸಿದರು. ತಿರುವಿನಲ್ಲಿ ಸ್ವಲ್ಪ ವಾಲುತ್ತದೆ. ಕ್ರೋಮ್ ಚೆಂದ, ಬೆಲೆ ಜಾಸ್ತಿ. ಗಟ್ಟಿ ಸಿಲ್ ಇರುವ ರಬ್ಬರ್ ಬಂಪರ್ ಗಾಡಿ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಅಲ್ಲ, ಕಣ್ಣು ಬಿಟ್ಟುಕೊಂಡೇ ತಗೊಳ್ಳಿ.

ಬೆಳಕಿರುವಾಗ ಹೋಗಿ. ಕರ್ಚೀಫಿನಲ್ಲಿ ಸುತ್ತಿದ ಅಯಸ್ಕಾಂತ ಒಯ್ಯಿರಿ, ಪುಟ್ಟಿ ಇದ್ದಲ್ಲಿ ಅದು ಅಂಟುವುದಿಲ್ಲ. 40 ವರ್ಷ ದಾಟಿದ ಗಾಡಿಗೆ 2018ರಿಂದ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆ, ಕಡ್ಡಾಯವಲ್ಲ, ಮಾರುವವರಿಗೆ ಅದೇ ಹಬ್ಬ. ಆದರೆ ನೀವು ಕೇಳಿದರೆ ಮಾಡಿಸಬಹುದು, ಹೆಚ್ಚೆಂದರೆ 54.85 ಪೌಂಡ್. ಗಾಡಿ ಲಿಫ್ಟ್ ಮೇಲೆ ಹೋದಾಗ, ಗ್ಯಾರೇಜಿನವರು ಬಿಟ್ಟರೆ, ನೀವೂ ಅಡಿಗೆ ಹೋಗಿ ನಿಂತುಕೊಳ್ಳಿ. ಮಾರುವವನು ಪರೀಕ್ಷೆಗೆ ಒಪ್ಪದಿದ್ದರೆ ಅವನ ಹತ್ತಿರ ಟೀ ಕೂಡ ಕುಡಿಯಬೇಡಿ. ನಂಬರ್ ಹಾಕಿದರೆ ಹಳೇ ಎಂಒಟಿ ವರದಿಗಳು ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನನ್ನ ಗಾಡಿಯ 2016ರ ವರದಿಯಲ್ಲಿ ಎಡ ಸಿಲ್‌ಗೆ ತುಕ್ಕು ಅಂತ ಸ್ಪಷ್ಟವಾಗಿ ಬರೆದಿತ್ತು. ಅದನ್ನು ನಾನು ಓದಿದ್ದು ಜ್ಯಾಕ್ ಒಳಗೆ ಹೋದ ಮೇಲೆ.

ಹೋದ ವರ್ಷ ಅಪ್ಪ ಬಂದಿದ್ದರು. ವಯಸ್ಸು ಎಪ್ಪತ್ತಮೂರು. ಗಾಡಿಯಲ್ಲಿ ಕೂರಿ ಅಂದರೆ ಕೂರಲಿಲ್ಲ, "ಹಾಸಕ್ಕೆ ಏನಾದ್ರೂ ಕೊಡು" ಅಂದರು. ಗೋಣಿಚೀಲ ಎಲ್ಲಿಂದ ತರಲಿ, ಹೆಂಡತಿಯ ಯೋಗಾ ಮ್ಯಾಟ್ ಕೊಟ್ಟೆ. ಪಂಚೆ ಕಟ್ಟಿದ ಎರಡು ಕಾಲು ಗಾಡಿಯಡಿಯಿಂದ ಹೊರಗೆ ಚಾಚಿದ್ದು ಕಂಡು ಪಕ್ಕದ ಮನೆಯಾಕೆ ಗಾಬರಿಯಾಗಿ ಓಡಿ ಬಂದರು. ಅಪ್ಪ ಸಿಲ್ ಉದ್ದಕ್ಕೂ ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಹೋದದ್ದು ಕೇಳಿಸಿತು. ಎದ್ದು ಮ್ಯಾಟ್ ಸುತ್ತಿ ನನ್ನ ಕೈಗಿಟ್ಟು, "ತಗಡು ಪರವಾಗಿಲ್ಲ. ಗೇರ್ ಬಾಕ್ಸ್ ಹತ್ರ ಆಯಿಲ್ ತೊಟ್ಟಿಕ್ತಿದೆ, ನೋಡಿಸು" ಅಂದರು. ಇನ್ನೂ ನೋಡಿಸಿಲ್ಲ.